ಹೊಗೆಗೆ ಹೆದರಿದ ಚಿಗರಿ

ನನ್ನ ಬಾಯಿ ಕೆಟ್ಟದ್ದು. ನಿಡೋಣಿಯಲ್ಲಿ ಯಾರನ್ನಾದರೂ ಕೇಳಿ, ಯಲಗೂರಪ್ಪ ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವನಲ್ಲ ಎನ್ನುತ್ತಾರೆ. ಆದರೆ ನಲವತ್ತೆಂಟನೇ ಇಸವಿಯ ಮಳೆಗಾಲದಿಂದ ಒಂದು ಮಾತು ಗಂಟಲಲ್ಲೇ ಕೂತಿದೆ.

ಆ ವರ್ಷದ ಬೇಸಗೆಯಲ್ಲಿ ಬದುವಿನ ಹುಲ್ಲಿಗೆ ಬೆಂಕಿ ಬಿದ್ದಾಗ ನನ್ನ ಹೆಂಡತಿ ಸತ್ಯವ್ವ ಒಂದು ಚಿಗರಿ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಅಡವಿಯ ಜಿಂಕೆ ಮನೆಗೆ ಹೊಂದುವುದಿಲ್ಲ ಎಂದು ಕೂಗಾಡಿದೆ. ಯಾರು ಕೇಳಬೇಕು? ಕುರಿಯ ಹಾಲು ಕುಡಿಸಿ, ಗಂಗಿ ಎಂದು ಹೆಸರಿಟ್ಟಳು. ಎರಡೇ ತಿಂಗಳಲ್ಲಿ ಗಂಗಿ ನನ್ನ ರುಮಾಲು ಕಚ್ಚಿ ಎಳೆಯತೊಡಗಿತು. ಸುಳ್ಳೇಕೆ, ನನಗೂ ಅದರ ಮೇಲೆ ಜೀವ.

ಮಳೆಗಾಲದಲ್ಲಿ ಹೊತ್ತು ಮುಳುಗುವಾಗ ನಾವು ಕುರಿಹಟ್ಟಿಯಲ್ಲಿ ಬೇವಿನ ಸೊಪ್ಪು, ಒಣ ಸಗಣಿ ಸುಟ್ಟು ಹೊಗೆ ಹಾಕುತ್ತೇವೆ. ನುಸಿ ಕಡಿದರೆ ಕುರಿ ಮಲಗುವುದಿಲ್ಲ, ಅದಕ್ಕೆ. ಗಂಗಿಗೋ ಹೊಗೆ ಕಂಡರೆ ಪ್ರಾಣಭಯ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು.

“ಬೆಂಕ್ಯಾಗಿಂದ ಉಳದ ಬಂದ ಕೂಸರಿ ಅದು. ಹಳ್ಳದ ದಂಡಿಗೆ ಕಟ್ಟಿ ಬರ್ತೀನಿ, ತಂಪರ ಇರ್ತೈತಿ,” ಎಂದಳು ಸತ್ಯವ್ವ.

“ಕಟ್ಟ ಹೋಗ, ನಿನ್ನ ಮಗಳಲ್ಲೇನ!” ಎಂದೆ.

ದಿನಾ ಸಂಜೆ ಹಳ್ಳದ ಕೆಸರಿನ ಪಕ್ಕದ ಜಾಲಿ ಗಿಡಕ್ಕೆ ಕಟ್ಟಿ, ಹೊಗೆ ಆರಿದ ಮೇಲೆ ಬಿಚ್ಚಿಕೊಂಡು ಬರುತ್ತಿದ್ದಳು.

ಭಾದ್ರಪದದಲ್ಲಿ ಗಂಗಿಗೆ ಜ್ವರ ಬಂತು. ಬಾಯಿ ತುಂಬ ಹುಣ್ಣು, ಸುರಿಯುವ ಜೊಲ್ಲು. ನಾಲಿಗೆ ಬಾತು, ನೇರಳೆ ಹಣ್ಣು ತಿಂದ ಹಾಗೆ ನೀಲಿಯಾಗಿತ್ತು. ನಾನು ವಿಜಾಪುರಕ್ಕೆ ಹೋಗಿ, ಸಿದ್ಧೇಶ್ವರ ಗುಡಿಯ ಹಿಂದಿದ್ದ ದನದ ಡಾಕ್ಟರ್ ರಾಮಚಂದ್ರರಾಯರ ಕಾಲು ಹಿಡಿದು ಕರೆತಂದೆ. ಬರುವ ದಾರಿಯಲ್ಲೇ ಹಳ್ಳದ ದಂಡೆಯಲ್ಲಿ ಮೂರು ಕಾಡು ಚಿಗರಿಗಳು ಸತ್ತು ಬಿದ್ದಿದ್ದವು.

ಗಂಗಿಯ ಬಾಯಿ ನೋಡಿ ರಾಯರು ನನ್ನನ್ನು ಹೊರಗೆ ಕರೆದರು.

“ಕುರಿ ಆರಾಮ ಅವ ಏನು?”

“ಒಂದಕ್ಕೂ ಏನೂ ಆಗಿಲ್ರಿ.”

“ಅವಕ್ಕ ಹೊಗಿ ಹಾಕ್ತೀರಿ. ಇದನ್ನ ಎಲ್ಲೆ ಕಟ್ಟತಿದ್ರಿ?”

ನಾನು ಹಳ್ಳದ ಕಡೆ ಕೈ ಮಾಡಿದೆ.

“ಕೆಸರಿನ ನುಸಿ ಕಡದ ಬರೂ ಬ್ಯಾನಿ ಇರಬೇಕಿದು. ಆಫ್ರಿಕಾದಾಗ ಕುರಿಗೆ ಬರ್ತದಂತ ಓದೀನಿ. ಔಷಧ ಇಲ್ಲ.”

“ಅಡವ್ಯಾಗಿನವಕ್ಕರಿ?”

“ಅವಕ್ಕ ಯಾರು ಹೊಗಿ ಹಾಕ್ತಾರೋ ಯಪ್ಪಾ?” ಎಂದು ರಾಯರು ನಡೆದುಬಿಟ್ಟರು.

ಮೂರನೇ ದಿನ ಸತ್ಯವ್ವನ ತೊಡೆಯ ಮೇಲೆ ಗಂಗಿ ಸತ್ತಿತು. ಹಿತ್ತಲಲ್ಲಿ ಹುಗಿದು ಬಂದೆವು.

“ದಿನಾ ಸಂಜಿಕ ತಂಪಿನ್ಯಾಗ ಇತ್ತಲ್ರೀ, ಅಷ್ಟರ ಸುಖ ನನ್ನ ಕೈಲೆ ಆತು. ಡಾಕ್ಟರ್ ಏನಂದ್ರು?” ಎಂದಳು.

“ಏನೂ ಅನ್ಲಿಲ್ಲ,” ಎಂದೆ.

ವಾರದ ನಂತರ ಒಂದು ಸಂಜೆ ಹಟ್ಟಿಯಲ್ಲಿ ಹೊಗೆ ಎದ್ದಾಗ ಒಂದು ಕುರಿಮರಿ ಕೆಮ್ಮಿತು. ಸತ್ಯವ್ವ ಅದನ್ನೆತ್ತಿಕೊಂಡು ಹಳ್ಳದ ಕಡೆ ಹೊರಟಳು. ನಾನು ಓಡಿಹೋಗಿ ಮರಿಯನ್ನು ಕಸಿದುಕೊಂಡೆ.

“ಹಳ್ಳದ ಕಡೆ ಹೆಜ್ಜಿ ಇಟ್ರ ಕಾಲ ಮುರೀತೀನಿ, ನೋಡ!”

ಸತ್ಯವ್ವ ನಡುದಾರಿಯಲ್ಲೇ ನಿಂತು ನನ್ನನ್ನು ನೋಡಿದಳು.

“ಒಂದ ಮೂಕ ಜೀವಾ ತಂಪಿಗೆ ಒಯ್ದ್ರ ನಿಮಗ ಇಷ್ಟ ಸಿಟ್ಟೇನ್ರಿ? ನಿಮ್ಮಂಥಾ ಕಟುಕನ್ನ ನಾ ನೋಡಿಲ್ಲ,” ಎಂದಳು.

ಹೌದೆಂದು ತಲೆಯಾಡಿಸಿ, ಮರಿಯನ್ನು ಹೊಗೆಯೊಳಗೆ ಬಿಟ್ಟೆ. ಇವತ್ತಿಗೂ ಅವಳ ಪಾಲಿಗೆ ನಾನು ಕಟುಕನೇ. ಹಾಗೇ ಇರಲಿ.