ನಿನ್ನಿಷ್ಟ

"ನಿನ್ನಿಷ್ಟ" ಎಂದು ಮಗಳ ಮುಖ ನೋಡದೆಯೇ ಹೇಳಿದ ಚನ್ನಕೇಶವ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಇಳಿದ. ರೂಪಶ್ರೀ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. ಇಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತಿಗೆ ಸಿಕ್ಕ ಉತ್ತರ ಅಷ್ಟೇ.

ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೆಲಸ ಕಲಿಸುವ ಕೋರ್ಸಿಗೆ ಅವಳು ಆಯ್ಕೆಯಾಗಿದ್ದಳು. ಒಂದು ವರ್ಷ ಮೈಸೂರಿನ ಹಾಸ್ಟೆಲ್ಲಿನಲ್ಲಿರಬೇಕು. ಇವತ್ತು ಸಂಜೆಯೊಳಗೆ ತಿಳಿಸದಿದ್ದರೆ ಸೀಟು ಮುಂದಿನವರಿಗೆ. ಗೋಣಿಬೀಡಿನ ಅಂಗಡಿ ಜಗಲಿಗಳಲ್ಲಿ ಸುದ್ದಿ ಆಗಲೇ ನಗೆಪಾಟಲಾಗಿತ್ತು: ಕುಡಿದು ಉಗಿಯುವುದಕ್ಕೂ ಸರ್ಟಿಫಿಕೇಟು ಕೊಡುತ್ತಾರಂತೆ! ಊರು ನಕ್ಕರೆ ನಗಲಿ, ಊರ ಬಾಯಿಗೆ ಬೀಗ ಹಾಕಿದವರುಂಟೆ? ಅವಳಿಗೆ ಬೇಕಿದ್ದದ್ದು ಮನೆಯದೊಂದು ಹೂಂ.

ಆದರೆ ಆ ಮನೆಯಲ್ಲಿ "ನಿನ್ನಿಷ್ಟ" ಎಂದರೆ ಹೂಂ ಅಲ್ಲ. ತೀರಿಹೋದ ಅಮ್ಮ ಪ್ರೇಮಕುಮಾರಿ ಬೇಡ ಎಂಬ ಮಾತನ್ನು ಎಂದೂ ಬಾಯಿಬಿಟ್ಟು ಆಡಿದವಳಲ್ಲ. ಕಾಲೇಜಿನ ಟೂರಿಗೆ ಹೋಗಲಾ ಎಂದರೆ ನಿನ್ನಿಷ್ಟ. ಕೂದಲು ಕತ್ತರಿಸಿಕೊಳ್ಳಲಾ ಎಂದರೆ ನಿನ್ನಿಷ್ಟ. ಆಮೇಲೆ ಒಳಗೆ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ರೂಪಶ್ರೀ ಟೂರಿಗೂ ಹೋಗಲಿಲ್ಲ, ಜಡೆಯೂ ಉಳಿಯಿತು. ಅಪ್ಪನದೋ ಮೊದಲಿನಿಂದಲೂ ಮಾತು ಕಡಿಮೆ. ಅಮ್ಮ ಹೋದ ಮೇಲಂತೂ ಅಪ್ಪ ಮಗಳು ಒಂದೇ ಸೂರಿನಡಿ ಬೇರೆ ಬೇರೆ ಊರಿನವರಂತೆ ಇದ್ದರು.

ಗೆಳತಿ ಬುಷ್ರಾ ನರ್ಸಿಂಗಿಗೆ ಹೊರಟಾಗ ಅವಳಪ್ಪ ದಿನಗಟ್ಟಲೆ ಕೂಗಾಡಿ, ಕೊನೆಗೆ ಗ್ಯಾರೇಜು ಮುಚ್ಚಿ ತಾನೇ ಬ್ಯಾಗು ಹೊತ್ತುಕೊಂಡು ಹೋಗಿ ಬಿಟ್ಟುಬಂದಿದ್ದ. ರೂಪಶ್ರೀಗೆ ಆಗ ಹೊಟ್ಟೆಕಿಚ್ಚಾಗಿತ್ತು. ಬೈಸಿಕೊಳ್ಳುವುದಕ್ಕೂ ಪುಣ್ಯ ಬೇಕು.

ಮಧ್ಯಾಹ್ನ ರೂಪಶ್ರೀ ಕೋರ್ಸಿನವರಿಗೆ ಫೋನು ಮಾಡಿ, ಬರುವುದಕ್ಕಾಗುವುದಿಲ್ಲ ಎಂದಳು. ಯಾಕೆಂದು ಕೇಳಿದರೆ ಹೇಳಲು ಕಾರಣಗಳನ್ನೂ ಜೋಡಿಸಿಕೊಂಡಿದ್ದಳು. ಆ ಕಡೆಯವರು ಆಗಲಿ ಎಂದು ಇಟ್ಟುಬಿಟ್ಟರು.

ಸಂಜೆ ಚನ್ನಕೇಶವ ಕಾಲು ತೊಳೆದು ಒಳಗೆ ಬಂದವನು ಎಂದಿಲ್ಲದ ಉಮೇದಿನಲ್ಲಿದ್ದ.

"ಯಾವತ್ತು ಹೊರಡ್ಬೇಕಂತೆ? ಸುರೇಂದ್ರನ ಜೀಪಿಗೆ ಹೇಳಿದೀನಿ. ಹಾಸಿಗೆ, ಸಾಮಾನು ಎಲ್ಲ ಬಸ್ಸಲ್ಲಿ ಆಗಲ್ಲ."

ರೂಪಶ್ರೀ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಬೇಡ ಅಂದ್ಬಿಟ್ಟೆ, ಅಪ್ಪ."

"ಯಾಕೆ?"

"ನೀವು ನಿನ್ನಿಷ್ಟ ಅಂದ್ರಲ್ಲ."

"ಹೌದು, ಅಂದೆ." ಅವನಿಗೆ ಅರ್ಥವಾಗಲಿಲ್ಲ. ಟವೆಲಿನಲ್ಲಿ ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ನಾನು ಮಿಲಿಟ್ರಿಗೆ ಸೆಲೆಕ್ಟ್ ಆಗಿದ್ದೆ ಮಾರಾಯ್ತಿ. ತೋಟ ಯಾರು ನೋಡ್ತಾರೆ ಅಂದ್ರು ನಮ್ಮಪ್ಪ. ಅಲ್ಲಿಗೆ ಮುಗೀತು. ನಿನ್ನಿಷ್ಟ ಅಂತ ನಂಗೆ ಯಾರೂ ಒಂದ್ಸಲನೂ ಅನ್ಲಿಲ್ಲ. ನನ್ ಮಗಳಿಗೆ ನಾನು ಅನ್ಬೇಕು ಅಂತಿತ್ತು."

ಅವಳು ಮತ್ತೆ ಅದೇ ನಂಬರಿಗೆ ಫೋನು ಮಾಡಿದಳು. ಎತ್ತಿದವರು, ಸೀಟು ಬೇರೆಯವರಿಗೆ ಕೊಟ್ಟಾಯಿತಲ್ಲ ಎಂದರು. ಅಪ್ಪನಿಗೆ ಹೇಳಬೇಕಾಗಲಿಲ್ಲ, ಅವನು ಅವಳ ಮುಖವನ್ನೇ ನೋಡುತ್ತಿದ್ದ.

ಇಬ್ಬನಿ ಬೀಳುವ ಹೊತ್ತಾಗಿತ್ತು. ಕಣದಲ್ಲಿ ಒಣಗುತ್ತಿದ್ದ ಕಾಫಿ ಬೀಜವನ್ನು ಇಬ್ಬರೂ ಎಳೆದು ರಾಶಿ ಮಾಡಿದರು. ಟಾರ್ಪಾಲಿನ ಒಂದು ತುದಿ ಅವನು ಹಿಡಿದ, ಇನ್ನೊಂದು ಅವಳು. ಅವನು ತನ್ನ ಕಡೆಯಿಂದ ಅಂಚಿಗೆ ಒಂದೊಂದೇ ಕಲ್ಲು ಇಡುತ್ತ ನಿಧಾನವಾಗಿ ಸುತ್ತಿ ಬರತೊಡಗಿದ. ಗಾಳಿ ಒಮ್ಮೆ ಟಾರ್ಪಾಲನ್ನು ಉಬ್ಬಿಸಿತು. ಅವನು ಬರುವವರೆಗೂ ಅವಳು ತನ್ನ ತುದಿಯನ್ನು ಬಿಡದೆ ಹಿಡಿದು ನಿಂತಿದ್ದಳು.