ಎರಡನೇ ಮಹಡಿಯ ಕುರ್ಚಿ

ಟೈಲರಮ್ಮನಿಗೆ ಅನುಮಾನ ಹುಟ್ಟಿದ್ದು ಗಂಡನ ಸ್ಕೂಟರಿನಿಂದ. ಸಂಜೆ ಆರೂವರೆಗೆ ಅದು ಕೆಳಗೆ ಬಂದು ನಿಲ್ಲುವ ಸದ್ದು, ಹೊಲಿಗೆ ಮಿಷನ್ನಿನ ಗಲಾಟೆಯ ನಡುವೆಯೂ ನಾಲ್ಕನೇ ಮಹಡಿಯ ಕಿಟಕಿಗೆ ಕೇಳಿಸುತ್ತಿತ್ತು. ಮೊದಲೆಲ್ಲ ಅವಳು ದಾರ ಕತ್ತರಿಸಿ ಏಳುವಷ್ಟರಲ್ಲಿ ಬಾಗಿಲಲ್ಲಿರುತ್ತಿದ್ದವನು ಈಗ ಕಾಲು ಗಂಟೆಯಾದರೂ ಪತ್ತೆಯಿಲ್ಲ.

"ಎಲ್ಲಿದ್ರಿ ಇಷ್ಟೊತ್ತು?"

"ಫೋನ್ ಬಂತು ಕಣೇ. ಮೆಟ್ಟಿಲ ಮೇಲೆ ನಿಂತು ಮಾತಾಡ್ತಿದ್ದೆ."

ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನಿಗೆ ದಿನಾ ಅದೇ ಹೊತ್ತಿಗೆ ಫೋನ್ ಮಾಡುವ ಪುಣ್ಯಾತ್ಮ ಯಾರು? ಅವನು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದಳು. ಆ ಹೊತ್ತಿನಲ್ಲಿ ಒಂದು ಕರೆಯೂ ಇರಲಿಲ್ಲ.

ಮರುದಿನ ಒಗೆಯಲು ಅಂಗಿ ಎತ್ತಿಕೊಂಡರೆ ಎಡತೋಳಿನಿಂದ ನೋವಿನ ಮುಲಾಮಿನ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಮನೆಯಲ್ಲಿ ಅಂಥ ಮುಲಾಮೇ ಇರಲಿಲ್ಲ. ಇದ್ದರೂ, ಹಚ್ಚಲು ತಾನಿರಲಿಲ್ಲವೇ?

ಎರಡನೇ ಮಹಡಿಯಲ್ಲಿ ಡ್ರಾಯಿಂಗ್ ಟೀಚರಮ್ಮ ಒಬ್ಬರೇ ವಾಸವಾಗಿದ್ದರು. ಅದೇ ವಾರ ಮೆಟ್ಟಿಲಲ್ಲಿ ಎದುರಾದವರು ಏನೋ ಹೇಳಲು ಬಾಯಿ ತೆರೆದು, ನುಂಗಿಕೊಂಡು ಒಳಗೆ ಹೋಗಿಬಿಟ್ಟರು. ಟೈಲರಮ್ಮನಿಗೆ ಅಷ್ಟೇ ಸಾಕಾಯಿತು. ಗಂಡ ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಾನೆ, ಪೇಟೆಗೆ ಕರೆದರೆ "ನೀನೇ ಹೋಗಿ ಬಾ" ಅನ್ನುತ್ತಾನೆ. ಎಲ್ಲಕ್ಕೂ ಈಗ ಒಂದೇ ಅರ್ಥ ಕಾಣಿಸತೊಡಗಿತು.

ಗುರುವಾರ ಸ್ಕೂಟರ್ ಸದ್ದು ಕೇಳಿದ್ದೇ ಅವಳು ಬರಿಗಾಲಲ್ಲಿ ಕೆಳಗಿಳಿದಳು. ಇವತ್ತು ಇಬ್ಬರೂ ಕೈಗೆ ಸಿಕ್ಕೇ ಸಿಗುತ್ತಾರೆ ಎಂಬ ಛಲ.

ಸಿಕ್ಕರು. ಟೀಚರ ಬಾಗಿಲ ಹೊರಗೆ ಒಂದು ಕುರ್ಚಿ, ಅದರ ಮೇಲೆ ಗಂಡ. ಟೀಚರ್ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದರು.

"ಚೆನ್ನಾಗಿದೆ ರೀ ನಿಮ್ಮ ಫೋನು!" ಎಂದಳು. ಗಂಡ ತಲೆಯೆತ್ತಿದ. ಮುಖ ಬೂದಿ ಬಣ್ಣ, ಕತ್ತಿನ ತನಕ ಬೆವರು. ಒಂದು ಕೈ ಎದೆಯ ಮೇಲಿತ್ತು.

"ಗ್ಯಾಸು ಕಣೇ... ಸ್ವಲ್ಪ ಕೂತ್ರೆ ಹೋಗುತ್ತೆ."

"ಗ್ಯಾಸಲ್ಲ ಇದು," ಎಂದರು ಟೀಚರ್. "ಮೂರು ವಾರದಿಂದ ಹತ್ತೋವಾಗೆಲ್ಲ ಎದೆ ಹಿಂಡುತ್ತೆ, ತೋಳಿಗೆ ಎಳೆಯುತ್ತೆ ಅಂತಾರೆ. ಡಾಕ್ಟರ ಹತ್ರ ಹೋಗಿ ಅಂದ್ರೆ ಮುಲಾಮು ಕೇಳ್ತಾರೆ. ನಿಮಗೆ ಹೇಳ್ಬಾರ್ದು ಅಂತ ನನ್ನ ಹತ್ರ ಮಾತು ತಗೊಂಡಿದ್ರು. ಈಗ ಆಂಬುಲೆನ್ಸಿಗೆ ಫೋನ್ ಮಾಡೇ ಬಿಟ್ಟೆ, ಇನ್ನೂ ಲೈನಲ್ಲೇ ಇದಾರೆ."

ಟೈಲರಮ್ಮ ಬಾಯಿ ಬಿಡುವಷ್ಟರಲ್ಲಿ ಅವನು ಕುರ್ಚಿಯಿಂದ ಜಾರಿದ. ಕಣ್ಣು ಅರೆತೆರೆದಿತ್ತು. ಕೂಗಿದರೂ, ಭುಜ ಅಲುಗಾಡಿಸಿದರೂ ಉಲಿಯಲಿಲ್ಲ. ಗಂಟಲಲ್ಲಿ ಗೊರಕೆಯಂಥ ಸದ್ದು, ಬಿಟ್ಟು ಬಿಟ್ಟು.

"ಉಸಿರಾಡ್ತಿದಾರೆ!" ಎಂದಳು.

ಟೀಚರ ಕೈಯಲ್ಲಿದ್ದ ಫೋನಿನಿಂದ ಆಂಬುಲೆನ್ಸ್ ಕಚೇರಿಯ ಹೆಂಗಸಿನ ದನಿ ಖಚಿತವಾಗಿ ಬಂತು: "ಅದು ಉಸಿರಾಟ ಅಲ್ಲಮ್ಮ. ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಟ್ಟನಡುವೆ ಅಂಗೈ ಇಡಿ, ಇನ್ನೊಂದು ಕೈ ಅದರ ಮೇಲೆ. ಮೊಣಕೈ ಮಡಿಸಬೇಡಿ. ಜೋರಾಗಿ, ಬೇಗ ಬೇಗ ಒತ್ತಿ. ನನ್ನ ಜೊತೆ ಎಣಿಸಿ."

ಒತ್ತಿದಳು. ಕೈಯಡಿಯಲ್ಲಿ ಏನೋ ಲಟಕ್ಕೆಂದಿತು. "ಮುರೀತು!" ಎಂದು ಕಿರುಚಿದಳು.

"ಮುರೀಲಿ, ನಿಲ್ಲಿಸಬೇಡಿ."

ತೋಳು ಸೋತಾಗ ಟೀಚರ್ ಪಕ್ಕದಲ್ಲಿ ಮಂಡಿಯೂರಿದರು. ಒಬ್ಬರು ಕೈ ತೆಗೆದ ಕೂಡಲೇ ಇನ್ನೊಬ್ಬರು. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಕೆಂಪು ಜಾಕೆಟ್ಟಿನ ಇಬ್ಬರು ಮೆಟ್ಟಿಲು ಹಾರಿ ಬಂದು, ಅಂಗಿ ಕತ್ತರಿಸಿ, ಎದೆಗೆ ಪಟ್ಟಿ ಅಂಟಿಸಿ, "ಎಲ್ಲಾ ದೂರ ಸರೀರಿ" ಎಂದು ಶಾಕ್ ಕೊಟ್ಟರು. ಎರಡನೇ ಸಲಕ್ಕೆ ನಾಡಿ ಸಿಕ್ಕಿತು.

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು, ಅದೇ ಸಂಜೆ ಬಿಡಿಸಿದರು. ನಾಲ್ಕನೇ ದಿನ ವಾರ್ಡಿನಲ್ಲಿ ಅವನು ದಿಂಬಿಗೊರಗಿ ಕೂತಿದ್ದಾಗ ಅವಳು ಕೇಳಿಯೇಬಿಟ್ಟಳು.

"ನಂಗ್ಯಾಕ್ರೀ ಹೇಳ್ಲಿಲ್ಲ? ಅವ್ರಿಗೆ ಹೇಳಿದ್ರಿ."

"ನಾನಾಗಿ ಹೇಳ್ಲಿಲ್ಲ ಕಣೇ. ಅವ್ರ ಬಾಗಿಲ ಮುಂದೇನೇ ಕಾಲು ನಿಲ್ತಿತ್ತು, ನೋಡ್ಬಿಟ್ರು. ನಿಂಗೆ ಹೇಳಿದ್ರೆ ಅವತ್ತೇ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ."

"ಹೋಗೇ ಹೋಗ್ತಿದ್ದೆ."

"ಅದಕ್ಕೇ."

ಹೊಡೆಯಬೇಕೆನ್ನುವಷ್ಟು ಸಿಟ್ಟು ಬಂತು, ಜೊತೆಗೇ ಕಣ್ಣೀರು. ತಾನೇನು ಅಂದುಕೊಂಡಿದ್ದೆ ಎಂಬುದನ್ನು ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು. ನಗಲು ಹೋಗಿ, ಮುರಿದ ಪಕ್ಕೆಲುಬು ಹಿಡಿದುಕೊಂಡು "ಅಯ್ಯೋ ನಗಿಸ್ಬೇಡ್ವೇ" ಎಂದ.

ಹೊರಗಿನ ಬೆಂಚಿನಲ್ಲಿ ಟೀಚರ್ ಕೂತಿದ್ದರು. ಟೈಲರಮ್ಮ ಹೋಗಿ ಪಕ್ಕದಲ್ಲಿ ಕೂತಳು. ಮುಖ ನೋಡಲಾಗಲಿಲ್ಲ.

"ಅವರ ಮಾತು ಕಟ್ಕೊಂಡು ಸುಮ್ನಿದ್ರಲ್ಲ, ದೊಡ್ಡ ತಪ್ಪು ಮಾಡಿದ್ರಿ."

"ಹೌದು. ತಪ್ಪಾಯ್ತು."

"ನಾನೂ ಒಂದು ಮಾಡಿದೀನಿ," ಎಂದಳು ಟೈಲರಮ್ಮ. "ಏನು ಅಂತ ಮಾತ್ರ ಕೇಳ್ಬೇಡಿ."