ಗಡಿಯಾರ ಬೇಡದ ವ್ಯಾಕರಣ

ಬೊಲೋನ್ಯದ ವಿಶ್ವವಿದ್ಯಾಲಯದಲ್ಲಿ ಲಿದಿಯಾ ಗ್ವಾಲಾಂದಿ ಆರು ವರ್ಷ ಕೂತು ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದಳು. ಅದರಲ್ಲಿ ಯಾರು ಏನೇ ಬರೆಯಲಿ, ಕೆಲಸ ಕೈಮೀರುವಂತಿರಲಿಲ್ಲ. ಕೆಲಸಕ್ಕೆಂದು ಕೊಟ್ಟ ಪಟ್ಟಿಯ ಉದ್ದದ ವರ್ಗವೋ ಘನವೋ, ಅಂಥದೊಂದು ಮಿತಿಯೊಳಗೆ ಮುಗಿಯಲೇಬೇಕು. ಹಾಗೆ ಮುಗಿಯಬಲ್ಲ ಕೆಲಸವೆಲ್ಲ ಅದರಲ್ಲಿ ಬರೆಯಲಿಕ್ಕೂ ಬರಬೇಕು. ಗಡಿಯಾರ ಹಿಡಿದು ನಿಲ್ಲುವುದು ಬೇಡ, ವ್ಯಾಕರಣವೇ ಕಾಯುತ್ತದೆ. ಮುಖ್ಯ ನಿಯಮ ಒಂದೇ: ಅಂಶಕ್ಕೊಂದರಂತೆ ಮರಳಿ ಮರಳಿ ಓಡುವ ಸುತ್ತಿನೊಳಗೆ ಬೆಳೆಯುತ್ತಿರುವ ಪಟ್ಟಿಗೆ ಗುರುತು ಬೀಳುತ್ತದೆ, ಗುರುತು ಬಿದ್ದದ್ದರ ಮೇಲೆ ಇನ್ನೊಂದು ಸುತ್ತು ಓಡಿಸುವಂತಿಲ್ಲ.

ಈ ಭಾಷೆಯ ಬಗ್ಗೆ ಅವಳು ಬರೆದ ಪ್ರಬಂಧವನ್ನು ಒಂದು ಸಮ್ಮೇಳನದವರು ಒಪ್ಪಿದ್ದರು. ಕೊನೆಯ ಪ್ರತಿ ಕಳಿಸಲು ನಾಲ್ಕು ದಿನ ಇತ್ತು. ಅವಳಿಗೆ ತರ್ಕಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಎರ್ಮೆಸ್ ಬಾರೊಂಚಿನಿ ಅವತ್ತು ಕಾಫಿಗೆ ಬಂದವರು ಜೇಬಿನಿಂದ ಒಂದು ಹಾಳೆ ತೆಗೆದರು.

"ಐದು ಸಾಲು ಬರೆದಿದೀನಿ. ನಿನ್ನ ವ್ಯಾಕರಣ ಒಪ್ಪುತ್ತಾ ನೋಡು."

ಅವಳು ಓದಿದಳು. "ಒಪ್ಪುತ್ತೆ ಮೇಷ್ಟ್ರೇ."

"ಮೂವತ್ತು ಅಂಶದ ಪಟ್ಟಿ ಕೊಟ್ರೆ?"

ಅವಳು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಳು. ಪ್ರತಿ ಸುತ್ತಿಗೂ ಫಲಿತಾಂಶ ಇಮ್ಮಡಿಯಾಗುತ್ತಿತ್ತು. ಮೂವತ್ತನೆಯ ಸುತ್ತಿಗೆ ನೂರೇಳು ಕೋಟಿ ದಾಟುತ್ತಿತ್ತು. ಮೇಷ್ಟ್ರು ಬೆಳೆಯುವ ಪಟ್ಟಿಯನ್ನು ಇನ್ನೊಂದರ ಜೊತೆ ಜೋಡಿ ಕಟ್ಟಿ, ಕೂಡಲೇ ಬಿಚ್ಚಿದ್ದರು. ಬಿಚ್ಚುವಾಗ ಗುರುತು ಕಳಚಿಹೋಗಿತ್ತು, ಹಾಗಾಗಿ ನಿಯಮ ತಡೆದಿರಲಿಲ್ಲ.

"ಯಾವಾಗ ಸಿಕ್ತು?"

"ಶನಿವಾರ. ಎರಡು ದಿನ ನಾನೇ ತಪ್ಪಿರಬೇಕು ಅಂದ್ಕೊಂಡೆ. ಹಾಗೇ ಆಗಿರ್ಲಿ ಅಂತ ಆಸೆನೂ ಇತ್ತು."

"ಪರೀಕ್ಷಕರು ಮೂರು ಜನ ಓದಿದ್ರು. ಒಬ್ರಿಗೂ ಕಾಣಲಿಲ್ಲ."

"ಅವರಿಗೆ ನೂರೆಂಟು ಕೆಲಸ. ನಂಗೇನಿದೆ, ಟೊಮೇಟೊ ಗಿಡಕ್ಕೆ ನೀರು ಹಾಕೋದು."

ಯಾರೂ ಗಮನಿಸದ ತಪ್ಪು, ಸುಮ್ಮನಿದ್ದುಬಿಡಬಹುದಿತ್ತು. ಆ ಯೋಚನೆ ಅವಳಿಗೂ ಬಾರದೆ ಇರಲಿಲ್ಲ. ಸಂಜೆಯೊಳಗೆ ಪ್ರಬಂಧ ಹಿಂತೆಗೆದುಕೊಳ್ಳುವುದಾಗಿ ಬರೆದು ಕಳಿಸಿದಳು. ಆಮೇಲೆ ಮನಸ್ಸು ಹಗುರಾದದ್ದು ಅವಳಿಗೇ ಆಶ್ಚರ್ಯವಾಯಿತು.

ಜೋಡಿ ಕಟ್ಟಿದರೂ ಗುರುತು ಅಂಟಿಕೊಂಡೇ ಇರುವಂತೆ ನಿಯಮ ತಿದ್ದಿದ್ದಾಯಿತು. ಫೆಬ್ರವರಿ ಹೊತ್ತಿಗೆ, ಯಾವ ಕೆಲಸವೂ ಮಿತಿ ಮೀರದು ಎಂಬುದರ ಪುರಾವೆ ಗಟ್ಟಿಯಾಗಿ ನಿಂತಿತು. ಆದರೆ ಪಟ್ಟಿಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಅವಳ ಅಚ್ಚುಮೆಚ್ಚಿನ ಪ್ರೋಗ್ರಾಮನ್ನು ಹೊಸ ವ್ಯಾಕರಣ ಹೊರಗಟ್ಟಿತು.

"ಅದು ಬೇಗ ಮುಗಿಯೋದೇ, ಯಾವ ಪಾಪನೂ ಮಾಡಿಲ್ಲ," ಎಂದಳು.

"ಕೆಲಸ ಹೊರಗೆ ಹೋಗಿಲ್ಲ ಕಣೆ, ಹಾಗೆ ಬರೆಯೋ ದಾರಿ ಹೋಗಿದೆ ಅಷ್ಟೆ. ಇನ್ನೊಂದು ದಾರಿ ಹುಡುಕು."

ಹುಡುಕಲು ಮೂರು ವಾರ ಹಿಡಿಯಿತು. ಹಳೆಯ ಆರು ಸಾಲಿನ ಜಾಗದಲ್ಲಿ ಒಂದೂವರೆ ಪುಟ. ನೋಡಲು ಚೆಂದವಿರಲಿಲ್ಲ, ಆದರೆ ವ್ಯಾಕರಣ ಒಪ್ಪಿತು. ಹೊಸ ಪ್ರಬಂಧದ ಮೊದಲ ಪುಟದಲ್ಲೇ ಹಳೆಯ ತಪ್ಪು ಏನು, ಕಂಡವರು ಯಾರು ಎಂದು ಬರೆದಳು. ಮೇಷ್ಟ್ರು ತಮ್ಮ ಹೆಸರಿನ ಮೇಲೆ ಗೆರೆ ಎಳೆದು ವಾಪಸು ಕೊಟ್ಟರು. ಲಿದಿಯಾ ಗೆರೆ ಅಳಿಸಿ ಹಾಗೇ ಸಮ್ಮೇಳನಕ್ಕೆ ಕಳಿಸಿದಳು.